ಮನೆ ಕಾರ್ಪೆಟ್‌ಗೆ ಕಡಿಮೆ ನೀರಿನ ಕ್ಲೀನಿಂಗೋ, ಸ್ಟೀಮ್ ಕ್ಲೀನಿಂಗೋ?

(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಹೆಸರು.)

ಹಾಲ್_ಕಾರ್ಪೆಟ್

ಗೋಡೆಯಿಂದ ಗೋಡೆಗೆ ಹಾಸಿದ ನೈಲಾನ್ ಕಾರ್ಪೆಟ್. ತುದಿ ಕತ್ತರಿಸಿದ ಬಗೆ, ಎಳೆಯ ಎತ್ತರ ಸುಮಾರು 10 ಮಿಲಿಮೀಟರ್. ಹಾಲ್ 200 ಚದರ ಅಡಿ ಇದೆ. ಬಾಗಿಲಿನಿಂದ ಸೋಫಾವರೆಗೆ ಓಡಾಡುವ ಪಟ್ಟಿ ಮಂಕಾಗಿದೆ, ಉಳಿದ ಕಡೆ ಬಣ್ಣ ಚೆನ್ನಾಗೇ ಇದೆ. ಸೋಫಾ ಪಕ್ಕ ಹಳೇ ಕಾಫಿ ಕಲೆ ಒಂದಿದೆ, ಒರೆಸಿದರೆ ಹೋಗುತ್ತೆ, ಮಾರನೇ ದಿನ ಮತ್ತೆ ಎದ್ದು ಕಾಣುತ್ತೆ. ಇದಲ್ಲದೆ ಉಣ್ಣೆಯದೊಂದು ರಗ್ಗು, ರೇಷ್ಮೆ ಥರ ಹೊಳೆಯುವ ಇನ್ನೊಂದು ರಗ್ಗು ಇದೆ.

ಕಡಿಮೆ ನೀರಿನ ವಿಧಾನ ಬರೀ ಮೇಲ್ಮೈ ತೊಳೆಯುತ್ತೆ ಅಂತ ಒಂದು ಕಡೆ ಹೇಳ್ತಾರೆ. ಸ್ಟೀಮ್ ಹಾಕಿದರೆ ಕಾರ್ಪೆಟ್ ಒಣಗದೆ ವಾಸನೆ ಬರುತ್ತೆ ಅಂತ ಇನ್ನೊಂದು ಕಡೆ. ಕೈಯಲ್ಲಿ ಹಿಡಿಯುವ ಹಬೆ ಯಂತ್ರ ಮನೆಯಲ್ಲೇ ಇದೆ, ಅದು ಸಾಲುತ್ತಾ? ಧೂಳಿನ ಹುಳ ಸಾಯುತ್ತೆ ಅಂತಾರಲ್ಲ, ಅದೂ ಗೊತ್ತಾಗಬೇಕು.

ಬಿಸಿನೀರು

ಹಬೆ ಯಂತ್ರವನ್ನು ಮೊದಲು ಪಕ್ಕಕ್ಕಿಡಿ. ಕಾರ್ಪೆಟ್ ವಿಷಯದಲ್ಲಿ ಸ್ಟೀಮ್ ಕ್ಲೀನಿಂಗ್ ಅಂತ ಕರೆಯುವ ಕೆಲಸದಲ್ಲಿ ಹಬೆಯೇ ಇರುವುದಿಲ್ಲ. ಬಿಸಿನೀರನ್ನು ಒತ್ತಡದಲ್ಲಿ ಎಳೆಗಳ ನಡುವೆ ಸಿಂಪಡಿಸಿ, ಅದೇ ಕ್ಷಣದಲ್ಲಿ ವ್ಯಾಕ್ಯೂಮ್ ಸೀಳಿನಿಂದ ಕೊಳೆಯ ಸಮೇತ ವಾಪಸ್ ಎಳೆದುಕೊಳ್ಳುವ ಕೆಲಸ ಅದು. ಮನೆಯಲ್ಲಿ ಬಳಸುವ ಯಂತ್ರಗಳಲ್ಲಿ ಶುದ್ಧ ನೀರಿಗೊಂದು ಟ್ಯಾಂಕ್, ಕೊಳೆ ನೀರಿಗೊಂದು ಟ್ಯಾಂಕ್, ಸಣ್ಣ ಪಂಪು, ನಾಝಲ್, ತಿರುಗುವ ಬ್ರಷ್ ಇರುತ್ತವೆ. ಹೆಚ್ಚಿನವಕ್ಕೆ ನಲ್ಲಿಯ ಬಿಸಿನೀರು, ಅಂದರೆ 60 ಡಿಗ್ರಿ ಸೆಲ್ಸಿಯಸ್ ಒಳಗಿನದೇ ಮಿತಿ. ಕುದಿಯುವ ನೀರು ಸುರಿದರೆ ಟ್ಯಾಂಕ್ ಸೊಟ್ಟಗಾಗುತ್ತದೆ, ಪಂಪಿನ ಸೀಲ್ ಹೋಗುತ್ತದೆ.

ಕೈಯ ಹಬೆ ಯಂತ್ರ ಕೊಳೆಯನ್ನು ಸಡಿಲ ಮಾಡುತ್ತದೆ, ಹೊರಗೆ ತೆಗೆಯುವುದಿಲ್ಲ. ಸಡಿಲವಾದ ಕೊಳೆ ಕೆಳಗಿಳಿದು ಬುಡದಲ್ಲಿ ಕೂರುತ್ತದೆ. ಹಾಲು, ರಕ್ತ, ಮೊಟ್ಟೆಯಂಥ ಪ್ರೋಟೀನ್ ಕಲೆಗಳು ಆ ಶಾಖಕ್ಕೆ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತವೆ. ಇನ್ನೊಂದು ಅಪಾಯ: ನೈಲಾನ್ ನೂಲಿನ ಹುರಿ ನಿಲ್ಲುವುದೇ ಕಾರ್ಖಾನೆಯಲ್ಲಿ ಕೊಟ್ಟ ಶಾಖದಿಂದ. ಒಂದೇ ಜಾಗಕ್ಕೆ ಹಬೆ ಹಿಡಿದು ಉಜ್ಜಿದರೆ ಹುರಿ ಬಿಚ್ಚಿ ತುದಿ ಹಿಂಜಿದ ಹತ್ತಿಯ ಥರ ಆಗುತ್ತದೆ. ಅದನ್ನು ಮತ್ತೆ ಸರಿ ಮಾಡಲು ಬರುವುದಿಲ್ಲ.

ಧೂಳಿನ ಹುಳದ ಬಗ್ಗೆ: ಶಾಖ ತಾಗಿದ ಹುಳ ಸಾಯುವುದು ನಿಜ. ಆದರೆ ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಅದು ಸತ್ತ ಹುಳದ ಜೊತೆಗೆ ಅಲ್ಲೇ ಉಳಿಯುತ್ತದೆ. ಅದನ್ನು ತೆಗೆಯಲು ಹೆಪಾ ಫಿಲ್ಟರ್, ಅಂದರೆ ಬಹಳ ಸಣ್ಣ ಕಣವನ್ನೂ ಹಿಡಿದಿಡುವ ಫಿಲ್ಟರ್, ಇರುವ ವ್ಯಾಕ್ಯೂಮ್‌ನಿಂದ ಎಳೆಯಬೇಕು. ಕಾರ್ಪೆಟ್ ಒದ್ದೆ ಬಿಟ್ಟರಂತೂ ಹುಳಕ್ಕೆ ಬೇಕಾದ ತೇವವನ್ನು ನಾವೇ ಒದಗಿಸಿದ ಹಾಗೆ.

ನೂಲೆಳೆ

ಯಾವ ವಿಧಾನ ಅಂತ ಕೇಳುವ ಮುಂಚೆ ಕೊಳೆ ಎಲ್ಲಿದೆ ಅಂತ ನೋಡಿ. ಓಡಾಡುವ ಪಟ್ಟಿಯಲ್ಲಿ ಎಳೆಗಳನ್ನು ಎರಡು ಬೆರಳಲ್ಲಿ ಅಗಲಿಸಿ, ಟಾರ್ಚ್ ಹಿಡಿಯಿರಿ. ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಬೂದು ಬಣ್ಣಕ್ಕಿದ್ದು ಬುಡ ಸ್ವಚ್ಛವಾಗಿದ್ದರೆ ಅದು ಜಿಡ್ಡಿಗೆ ಅಂಟಿದ ಧೂಳು. ಅದಕ್ಕೆ ಕಡಿಮೆ ನೀರಿನ ವಿಧಾನ ಸಾಕು, ಅದೇ ಉತ್ತಮ. ಬುಡದಲ್ಲಿ ಮರಳಿನಂಥ ಕಣ ಕಂಡರೆ ಅದು ವ್ಯಾಕ್ಯೂಮ್ ಮಾಡಬೇಕಾದ ಒಣ ಕೊಳೆ, ನೀರು ಹಾಕಿದರೆ ಕೆಸರಾಗುತ್ತದೆ. ಬುಡವೂ ಬಣ್ಣಗೆಟ್ಟು ಅಂಟಂಟಾಗಿದ್ದರೆ, ಅಥವಾ ಏನಾದರೂ ಚೆಲ್ಲಿ ಬ್ಯಾಕಿಂಗ್‌ವರೆಗೆ, ಅಂದರೆ ಎಳೆಗಳನ್ನು ಹಿಡಿದಿರುವ ಕೆಳಗಿನ ಬಟ್ಟೆಯವರೆಗೆ ಇಳಿದಿದ್ದರೆ, ಆಗ ನೀರು ಹಾಕಿ ಯಂತ್ರದಿಂದ ವಾಪಸ್ ಎಳೆಯದೆ ಗತಿಯಿಲ್ಲ.

ಇನ್ನೊಂದು ಸಾಧ್ಯತೆ ಯಾರೂ ಹೇಳುವುದಿಲ್ಲ. ಮಂಕಾಗಿರುವುದು ಕೊಳೆಯಿಂದಲ್ಲ, ಸವೆತದಿಂದ ಇರಬಹುದು. ಮರಳಿನ ಕಣ ನೈಲಾನ್ ಎಳೆಯ ಮೇಲೆ ಗೀರು ಹಾಕುತ್ತದೆ, ಗೀರು ಬಿದ್ದ ಎಳೆ ಬೆಳಕನ್ನು ಚದುರಿಸುತ್ತದೆ, ಹಾಗಾಗಿ ತೊಳೆದ ಮೇಲೂ ಪಟ್ಟಿ ಬೂದಿ ಬಣ್ಣಕ್ಕೇ ಕಾಣುತ್ತದೆ. ಒಂದು ಅಂಗೈಯಗಲ ಜಾಗ ಚೆನ್ನಾಗಿ ತೊಳೆದು ಒಣಗಿಸಿ ನೋಡಿ. ಆಗಲೂ ಬದಲಾಗದಿದ್ದರೆ ಯಾವ ಯಂತ್ರವೂ ಅದನ್ನು ಬದಲಿಸುವುದಿಲ್ಲ.

ಕಡಿಮೆ ನೀರಿನ ವಿಧಾನ ಅಂದರೆ ಒಂದೇ ಅಲ್ಲ. ಎನ್‌ಕ್ಯಾಪ್ಸುಲೇಷನ್, ಬಾನೆಟ್ ಪ್ಯಾಡ್, ತೇವದ ಪುಡಿ ಹರಡಿ ಬ್ರಷ್ ಮಾಡಿ ಎಳೆಯುವುದು, ಒಣ ನೊರೆ, ಹೀಗೆ ನಾಲ್ಕು ಬಗೆ ಮುಖ್ಯ. ಬಾನೆಟ್ ಅಂದರೆ ತೇವದ ಪ್ಯಾಡನ್ನು ಕಾರ್ಪೆಟ್ ಮೇಲೆ ಸುತ್ತಿಸುವುದು. ಬೇಗ ಹೊಳಪು ಬರುತ್ತದೆ, ಆದರೆ ಪ್ಯಾಡ್ ಕೊಳೆಯಾದಾಗ ತಿರುಗಿಸದಿದ್ದರೆ ಒಂದು ಕಡೆಯ ಕೊಳೆ ಇನ್ನೊಂದು ಕಡೆಗೆ ಹೋಗುತ್ತದೆ. ತುದಿ ಕತ್ತರಿಸಿದ ಕಾರ್ಪೆಟ್ ಮೇಲೆ ಸುತ್ತು ಸುತ್ತಾದ ಗುರುತು ಸಹ ಬೀಳುತ್ತದೆ. ನಿಮ್ಮ ಕಾರ್ಪೆಟ್‌ಗೆ ಬೇಡ. ಪುಡಿ ಬಗೆಯಲ್ಲಿ ಪುಡಿಯನ್ನು ಪೂರ್ತಿ ವಾಪಸ್ ಎಳೆಯುವುದೇ ಕಷ್ಟ, ಮಾಮೂಲಿ ವ್ಯಾಕ್ಯೂಮ್‌ಗೆ ಬುಡದಲ್ಲಿ ಕೂತದ್ದು ಬರುವುದಿಲ್ಲ.

ಎನ್‌ಕ್ಯಾಪ್ಸುಲೇಷನ್ ದ್ರಾವಣದಲ್ಲಿ ಮಾರ್ಜಕದ ಜೊತೆ ಪಾಲಿಮರ್ ಇರುತ್ತದೆ. ಮಾರ್ಜಕ ಕೊಳೆಯನ್ನು ಎಳೆಯಿಂದ ಬಿಡಿಸುತ್ತದೆ, ನೀರು ಆರುವಾಗ ಪಾಲಿಮರ್ ಆ ಕೊಳೆಯ ಸುತ್ತ ಗಟ್ಟಿಯಾಗಿ ಗಾಜಿನ ಚೂರಿನಂತೆ ಪುಡಿಯಾಗುತ್ತದೆ. ಮುಂದಿನ ವ್ಯಾಕ್ಯೂಮ್‌ಗಳಲ್ಲಿ ಅದು ಹೊರಗೆ ಬರುತ್ತದೆ. ಕೊಂಡ ದ್ರಾವಣ ನಿಜವಾಗಿ ಆ ಬಗೆಯದೇ ಅಂತ ಪರೀಕ್ಷೆ ಮಾಡಬಹುದು: ಬಳಸುವ ಪ್ರಮಾಣದಲ್ಲಿ ಬೆರೆಸಿದ ದ್ರಾವಣ ಒಂದು ಚಮಚ ಗಾಜಿನ ತಟ್ಟೆಗೆ ಹಾಕಿ, ಒಂದೆರಡು ದಿನ ಪೂರ್ತಿ ಆರಲು ಬಿಡಿ. ಉಗುರಿನಿಂದ ಕೆರೆದಾಗ ಪುಡಿಪುಡಿಯಾಗಿ ಎದ್ದರೆ ಸರಿ. ಮೇಣದ ಥರ ಮೆತ್ತಗಿದ್ದರೆ ಅಥವಾ ಬೆರಳಿಗೆ ಅಂಟಿದರೆ ಅದನ್ನು ಕಾರ್ಪೆಟ್‌ಗೆ ಹಾಕಬೇಡಿ. ಆ ಅಂಟೇ ಮುಂದೆ ಧೂಳನ್ನು ಹಿಡಿಯುತ್ತದೆ.

ತೇವಮಾಪಕ

"ಸ್ಟೀಮ್ ಹಾಕಿದರೆ ಒಣಗಲ್ಲ" ಅನ್ನುವವರು ಎಷ್ಟು ನೀರು ಉಳಿಯಿತು ಅಂತ ಅಳೆದಿರುವುದಿಲ್ಲ. ಅಳೆಯುವುದು ಬಹಳ ಸುಲಭ. ಶುದ್ಧ ಟ್ಯಾಂಕ್‌ಗೆ ಎಷ್ಟು ಲೀಟರ್ ಹಾಕಿದಿರಿ ಬರೆದಿಡಿ. ಕೊಳೆ ಟ್ಯಾಂಕ್‌ನ ನೀರನ್ನು ಬಕೆಟ್‌ಗೆ ಸುರಿದು ಅಳೆಯಿರಿ. ವ್ಯತ್ಯಾಸ ಎಷ್ಟೋ ಅಷ್ಟು ಕಾರ್ಪೆಟ್ ಒಳಗಿದೆ.

ಲೆಕ್ಕಕ್ಕೆ ಉದಾಹರಣೆ: 200 ಚದರ ಅಡಿಗೆ 16 ಲೀಟರ್ ಹಾಕಿ 12 ಲೀಟರ್ ವಾಪಸ್ ಬಂದರೆ ಉಳಿದದ್ದು 4 ಲೀಟರ್, ಚದರ ಅಡಿಗೆ 20 ಮಿಲಿಲೀಟರ್. ಎನ್‌ಕ್ಯಾಪ್ಸುಲೇಷನ್‌ನಲ್ಲಿ 100 ಚದರ ಅಡಿಗೆ ಸುಮಾರು 1 ಲೀಟರ್ ಸಿಂಪಡಿಸುತ್ತಾರೆ, ಅಂದರೆ ಚದರ ಅಡಿಗೆ 10 ಮಿಲಿಲೀಟರ್. ಅಂತರ ಜನ ಅಂದುಕೊಂಡಷ್ಟು ದೊಡ್ಡದಲ್ಲ. ದೊಡ್ಡ ಅಂತರ ಇರುವುದು ನೀರು ಕೂತಿರುವ ಜಾಗದಲ್ಲಿ. ಎನ್‌ಕ್ಯಾಪ್ಸುಲೇಷನ್‌ನ ನೀರು ಎಳೆಯ ಮೇಲ್ಭಾಗದಲ್ಲಿ ಗಾಳಿಗೆ ತೆರೆದುಕೊಂಡಿರುತ್ತದೆ, ಒಂದೆರಡು ಗಂಟೆಯಲ್ಲಿ ಆರುತ್ತದೆ. ಬಿಸಿನೀರು ಹಾಕಿ ಎಳೆದಾಗ ಉಳಿದದ್ದು ಬುಡದಲ್ಲಿ, ಬ್ಯಾಕಿಂಗ್‌ನಲ್ಲಿ, ಕೈತಪ್ಪಿದರೆ ಕಾರ್ಪೆಟ್ ಅಡಿಗೆ ಹಾಸಿದ ಮೆತ್ತನೆಯ ಪ್ಯಾಡ್‌ನಲ್ಲಿ ಇರುತ್ತದೆ. ಅದು ಮೇಲಕ್ಕೆ ಹತ್ತಿ ಬಂದು ಆರಬೇಕು. ಅದಕ್ಕೆ 6ರಿಂದ 12 ಗಂಟೆ ಹಿಡಿಯುತ್ತದೆ, ಗಾಳಿ ಆಡದಿದ್ದರೆ ಇಡೀ ದಿನ. 24ರಿಂದ 48 ಗಂಟೆ ದಾಟಿಯೂ ಒದ್ದೆಯಿದ್ದರೆ ಬೂಷ್ಟು ಹಿಡಿಯಲು ಶುರು. ಮುಗ್ಗಲು ವಾಸನೆ ಬರುವುದು ಅಲ್ಲಿಂದಲೇ.

ಹಾಕಿದ್ದರಲ್ಲಿ ಅರ್ಧವೂ ವಾಪಸ್ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ. ಯಂತ್ರ ಸರಿಯಿಲ್ಲ, ಇಲ್ಲವೇ ನೀವು ನೀರು ಬಿಡದೆ ಎಳೆಯುವ ಸುತ್ತುಗಳನ್ನು ಮಾಡುತ್ತಿಲ್ಲ.

ಹಾಲ್_ಕಾರ್ಪೆಟ್

ಎಳೆ ಅಗಲಿಸಿ ನೋಡಿದೆ. ಪಟ್ಟಿಯ ಉದ್ದಕ್ಕೂ ತುದಿ ಮಾತ್ರ ಬೂದು. ಬಾಗಿಲ ಹತ್ತಿರದ ಮೂರು ನಾಲ್ಕು ಅಡಿಯಲ್ಲಿ ಮಾತ್ರ ಬುಡದವರೆಗೂ ಬಣ್ಣ ಕೆಟ್ಟಿದೆ. ಹಾಗಾದರೆ ಎರಡೂ ಬೇಕಾ? ದ್ರಾವಣದ ಬದಲು ಬಟ್ಟೆ ಒಗೆಯುವ ಪುಡಿ ಅಥವಾ ಅಡಿಗೆ ಸೋಡಾ, ವಿನೆಗರ್ ನಡೆಯುತ್ತಾ?

ನೂಲೆಳೆ

ಬಟ್ಟೆ ಪುಡಿ ಖಂಡಿತ ಬೇಡ. ಬಟ್ಟೆಯನ್ನು ಮೂರು ಸಲ ಜಾಲಾಡಿಸುತ್ತೀರಿ, ಕಾರ್ಪೆಟ್‌ಗೆ ಆ ಸೌಲಭ್ಯ ಇಲ್ಲ. ಕ್ಷಾರ ಜಾಸ್ತಿ, ನೊರೆ ಜಾಸ್ತಿ, ಬಿಳುಪು ತೋರಿಸಲು ಸೇರಿಸಿದ ಹೊಳಪುಕಾರಕ ಎಳೆಯಲ್ಲೇ ಉಳಿದು ಆಮೇಲೆ ಹಳದಿಗೆ ತಿರುಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನೊರೆಯೂ ಅಷ್ಟೇ ತೊಂದರೆ.

ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿದರೆ ಗುಳ್ಳೆ ಬರುತ್ತದೆ, ಒಂದನ್ನೊಂದು ತಟಸ್ಥ ಮಾಡಿ ಉಪ್ಪಿನ ನೀರು ಉಳಿಯುತ್ತದೆ, ಅಷ್ಟೇ. ಸೋಡಾ ಒಣಗಿಯೇ ಉದುರಿಸಿದರೆ ವಾಸನೆಗೆ ಸ್ವಲ್ಪ ಉಪಯೋಗ, ಆದರೆ ಅದರ ಕಣ ಬಹಳ ನುಣುಪು. ವ್ಯಾಕ್ಯೂಮ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಉಳಿದದ್ದು ಬುಡದಲ್ಲಿ ಕೂತು ಮುಂದಿನ ಸಲ ನೀರು ಬಿದ್ದಾಗ ಕ್ಷಾರವಾಗುತ್ತದೆ. ವಿನೆಗರ್‌ಗೆ ಒಂದು ನಿಜವಾದ ಕೆಲಸ ಇದೆ, ಕೊನೆಯ ಜಾಲಾಟದಲ್ಲಿ ಕ್ಷಾರ ತಗ್ಗಿಸುವುದು. ಅದನ್ನು ಬಿಸಿನೀರು ಅವರು ಹೇಳಲಿ.

ನಿಮ್ಮ ಹಾಲ್‌ಗೆ ನನ್ನ ಅಭಿಪ್ರಾಯ: ಬಾಗಿಲ ಬಳಿಯ ಜಾಗ ಮತ್ತು ಕಾಫಿ ಕಲೆಗೆ ಬಿಸಿನೀರು, ಉಳಿದದ್ದಕ್ಕೆ ಎನ್‌ಕ್ಯಾಪ್ಸುಲೇಷನ್. ಮಾಡುವ ಕ್ರಮ ಹೀಗೆ.

ಮೊದಲು ಒಣ ವ್ಯಾಕ್ಯೂಮ್, ಬ್ರಷ್ ತಿರುಗುವಂಥದ್ದು. ನಿಧಾನಕ್ಕೆ ಒಂದು ದಿಕ್ಕಿಗೆ, ಆಮೇಲೆ ಅಡ್ಡಕ್ಕೆ. ಕಾರ್ಪೆಟ್‌ನಲ್ಲಿರುವ ಕೊಳೆಯ ಬಹುಪಾಲು ಒಣ ಕಣವೇ. ಕ್ಲೀನಿಂಗ್ ಕೆಲಸಕ್ಕೆ ಮಾನದಂಡ ಬರೆಯುವ ಐಐಸಿಆರ್‌ಸಿ ಸಂಸ್ಥೆಯ ಎಸ್100 ಅನ್ನುವ ಕಾರ್ಪೆಟ್ ಮಾನದಂಡವೂ ಒಣ ಕೊಳೆ ತೆಗೆಯುವುದನ್ನೇ ಮೊದಲಿಗೆ ಇಡುತ್ತದೆ. ಇದಕ್ಕೆ ಅರ್ಧ ಗಂಟೆ ಕೊಟ್ಟರೂ ದಂಡವಲ್ಲ. ಮುಂದಿನ ಎಲ್ಲಾ ಕೆಲಸ ಇದರ ಮೇಲೆ ನಿಂತಿದೆ.

ಬಣ್ಣ ಬಿಡುತ್ತದಾ ಅಂತ ಸೋಫಾ ಅಡಿಯಲ್ಲಿ ನೋಡಿ: ಬೆರೆಸಿದ ದ್ರಾವಣದಲ್ಲಿ ಬಿಳಿ ಬಟ್ಟೆ ಅದ್ದಿ, ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಬಂದರೆ ಮುಂದುವರಿಯಬೇಡಿ.

ದ್ರಾವಣವನ್ನು ಡಬ್ಬದ ಮೇಲೆ ಬರೆದ ಪ್ರಮಾಣಕ್ಕೇ ಬೆರೆಸಿ. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ. ಗಿಡಕ್ಕೆ ಹೊಡೆಯುವ ಪಂಪು ಸ್ಪ್ರೇಯರ್, ಹೊಸದೇ ಆಗಿರಬೇಕು, 2 ಲೀಟರಿನದು ಸಾಕು. 5 ಅಡಿ ಉದ್ದ 4 ಅಡಿ ಅಗಲದ ತುಂಡಿಗೆ ಸುಮಾರು 200 ಮಿಲಿಲೀಟರ್. ಎಳೆ ತೇವವಾಗಬೇಕು, ಅಂಗೈ ಒತ್ತಿದರೆ ನೀರು ಮೇಲೆ ಬರಬಾರದು. ನಾಲ್ಕೈದು ನಿಮಿಷ ಬಿಟ್ಟು ಉದ್ದ ಹಿಡಿಯ ನೈಲಾನ್ ಬ್ರಷ್‌ನಿಂದ ಉದ್ದಕ್ಕೂ ಅಡ್ಡಕ್ಕೂ ಉಜ್ಜಿ. ಎದುರುಬದುರು ತಿರುಗುವ ಎರಡು ಉರುಳೆ ಬ್ರಷ್‌ನ ಯಂತ್ರ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಎಳೆಯನ್ನು ಎತ್ತಿ ನಿಲ್ಲಿಸಿ ದ್ರಾವಣವನ್ನು ಸುತ್ತಲೂ ಹಚ್ಚುತ್ತದೆ. ತೀರಾ ಕೊಳೆಯಿರುವ ಕಡೆ ಉಜ್ಜಿದ ಕೂಡಲೇ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಿರಿ, ಅಷ್ಟು ಕೊಳೆ ಆಗಲೇ ಹೊರಗೆ ಹೋಗುತ್ತದೆ. ಆಮೇಲೆ ಎಳೆಗಳನ್ನೆಲ್ಲ ಒಂದೇ ದಿಕ್ಕಿಗೆ ಬಾಚಿ ಬಿಡಿ, ಒಣಗಿದಾಗ ಹೇಗಿರುತ್ತವೋ ಹಾಗೇ ನಿಲ್ಲುತ್ತವೆ.

ಒಣಗಿದ ಮೇಲೆ ವ್ಯಾಕ್ಯೂಮ್. ಎರಡು ದಿನ ಬಿಟ್ಟು ಮತ್ತೆ. ಬಹಳ ಮಂದಿ ಇಲ್ಲೇ ತಪ್ಪುತ್ತಾರೆ. ನೋಡಲು ಚೆನ್ನಾಗಿದೆ ಅಂತ ವ್ಯಾಕ್ಯೂಮ್ ಬಿಟ್ಟುಬಿಡುತ್ತಾರೆ, ಪುಡಿಯಾದ ಪಾಲಿಮರ್ ಕೊಳೆಯ ಸಮೇತ ಒಳಗೇ ಉಳಿಯುತ್ತದೆ.

ಬಿಸಿನೀರು

ಕ್ರಮ ಸರಿಯಾಗಿದೆ. ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರು ಇದೆ, ಆಮೇಲೆ ಹೇಳುತ್ತೇನೆ.

ಬಿಸಿನೀರಿನ ಕೆಲಸದಲ್ಲಿ ಮನೆಯವರು ಮಾಡುವ ದೊಡ್ಡ ತಪ್ಪು ಶಾಂಪೂವನ್ನು ಟ್ಯಾಂಕ್‌ಗೆ ಸುರಿಯುವುದು. ಆಗ ಜಾಲಾಡಿಸುವ ನೀರೂ ಸೋಪಿನ ನೀರೇ ಆಗುತ್ತದೆ. ಎರಡು ತಿಂಗಳಲ್ಲಿ ಕಾರ್ಪೆಟ್ ಮೊದಲಿಗಿಂತ ಕೊಳೆಯಾಯಿತು ಅನ್ನುವ ದೂರಿನ ಮೂಲ ಇದೇ. ಮಾರ್ಜಕವನ್ನು ಮುಂಚೆಯೇ ಬೇರೆಯಾಗಿ ಸಿಂಪಡಿಸಿ, ಟ್ಯಾಂಕ್‌ನಲ್ಲಿ ಬರೀ ನೀರು ಇಡಿ.

ಬಾಗಿಲ ಬಳಿಯ ಜಾಗಕ್ಕೆ ಸಿಂಥೆಟಿಕ್ ಎಳೆಯ ಪ್ರೀ-ಸ್ಪ್ರೇ ಬಳಸಿ, ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಅಂದರೆ ತಟಸ್ಥ) 8ರಿಂದ 10ರ ಒಳಗಿನದು. ಸಿಂಪಡಿಸಿ, ಬ್ರಷ್ ಮಾಡಿ, 10 ನಿಮಿಷ ಬಿಡಿ, ಒಣಗಲು ಮಾತ್ರ ಬಿಡಬೇಡಿ. 1959ರಲ್ಲಿ ಜರ್ಮನಿಯ ಮಾರ್ಜಕ ಕಂಪನಿ ಹೆಂಕೆಲ್‌ನ ಹರ್ಬರ್ಟ್ ಸಿನ್ನರ್ ಹೇಳಿದ ನಾಲ್ಕು ಅಂಶ ಇಲ್ಲಿಗೂ ಅನ್ವಯ: ರಾಸಾಯನಿಕ, ಶಾಖ, ಉಜ್ಜಾಟ, ಸಮಯ. ಒಂದು ಕಡಿಮೆಯಾದರೆ ಇನ್ನೊಂದನ್ನು ಜಾಸ್ತಿ ಮಾಡಬೇಕು. ಮನೆ ಯಂತ್ರದಲ್ಲಿ ಶಾಖವೂ ಒತ್ತಡವೂ ಕಡಿಮೆ, ಅದನ್ನು ಸಮಯ ಮತ್ತು ಬ್ರಷ್‌ನಿಂದ ತುಂಬಿಸಿಕೊಳ್ಳಬೇಕು. ನೀರು ಹೆಚ್ಚಿಸಿ ತುಂಬಿಸಿಕೊಳ್ಳಲು ಆಗುವುದಿಲ್ಲ.

ಆಮೇಲೆ ಯಂತ್ರ. ಟ್ರಿಗರ್ ಒತ್ತಿ ಒಂದು ಸಲ ನಿಧಾನಕ್ಕೆ ಎಳೆಯಿರಿ, ಒಂದು ಮೀಟರಿಗೆ ನಾಲ್ಕೈದು ಸೆಕೆಂಡು. ಪಟ್ಟಿ ಮುಗಿಯಲು ಒಂದು ಗೇಣು ಇರುವಾಗಲೇ ಟ್ರಿಗರ್ ಬಿಡಿ, ಇಲ್ಲದಿದ್ದರೆ ತುದಿಯಲ್ಲಿ ನೀರು ನಿಲ್ಲುತ್ತದೆ. ಅದೇ ಪಟ್ಟಿಯ ಮೇಲೆ ಟ್ರಿಗರ್ ಒತ್ತದೆ ಎರಡು ಸಲ ಎಳೆಯಿರಿ. ಮುಚ್ಚಳದ ಪಾರದರ್ಶಕ ಭಾಗದಲ್ಲಿ ನೀರಿನ ಗೆರೆ ಕಾಣುತ್ತಿದ್ದರೆ ಇನ್ನೂ ಎಳೆಯಬೇಕು ಅಂತ ಅರ್ಥ. ಹನಿಯೂ ಕಾಣದಾಗ ಮುಂದಿನ ಪಟ್ಟಿ, ಹಿಂದಿನದರ ಮೇಲೆ ಎರಡು ಬೆರಳು ಬರುವಂತೆ. ಬರುವ ನೀರು ಇನ್ನೂ ಕಪ್ಪಗಿದ್ದರೆ ಅದೇ ಜಾಗವನ್ನು ಮತ್ತೆ ಮತ್ತೆ ನೆನೆಸಬೇಡಿ, ಒಣಗಿಸಿ ಇನ್ನೊಂದು ದಿನ ಮಾಡಿ.

ಕೊನೆಯ ಜಾಲಾಟಕ್ಕೆ 4 ಲೀಟರ್ ನೀರಿಗೆ ಬಿಳಿ ವಿನೆಗರ್ ಅರ್ಧ ಲೋಟ, ಅಂದರೆ 100 ಮಿಲಿಲೀಟರ್. ಪ್ರೀ-ಸ್ಪ್ರೇಯ ಕ್ಷಾರ ತಗ್ಗುತ್ತದೆ, ಎಳೆ ಒಣಗಿದ ಮೇಲೆ ಬಿರುಸಾಗಿ ನಿಲ್ಲುವುದಿಲ್ಲ. ಯಂತ್ರದ ಕೈಪಿಡಿ ವಿನೆಗರ್ ಬೇಡ ಅಂದಿದ್ದರೆ ಬರೀ ನೀರೇ ಸಾಕು.

ಕಾಫಿ ಕಲೆಗೆ ಕ್ಷಾರದ ಪ್ರೀ-ಸ್ಪ್ರೇ ಹಾಕಬೇಡಿ, ಕಂದು ಇನ್ನಷ್ಟು ಗಟ್ಟಿಯಾಗುತ್ತದೆ. ಮೊದಲು ತಣ್ಣೀರು ಚಿಮುಕಿಸಿ ಎಳೆಯಿರಿ, ಆಮೇಲೆ ನೀರು ಬೆರೆಸಿದ ವಿನೆಗರ್, ಮತ್ತೆ ಎಳೆಯಿರಿ. ಬಣ್ಣ ಉಳಿದರೆ ಮಾತ್ರ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಮೂಲೆಯಲ್ಲಿ ಪರೀಕ್ಷೆ ಮಾಡಿದ ಮೇಲೆ.

ತೇವಮಾಪಕ

ಆ ಕಲೆ ಮಾರನೇ ದಿನ ವಾಪಸ್ ಬರುವ ಕಾರಣ: ಕಾಫಿ ಬ್ಯಾಕಿಂಗ್‌ವರೆಗೆ ಇಳಿದಿದೆ. ನೀವು ಮೇಲೆ ಒರೆಸಿದ ನೀರು ಕೆಳಗಿನ ಕಾಫಿಯನ್ನು ಕರಗಿಸುತ್ತದೆ. ನೀರು ಆರುವುದು ಎಳೆಯ ತುದಿಯಲ್ಲಿ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆ ಕೆಳಗಿನದನ್ನು ಮೇಲಕ್ಕೆಳೆದು ತುದಿಯಲ್ಲಿ ಬಿಟ್ಟು ಆರಿಬಿಡುತ್ತದೆ. ಎಷ್ಟು ಸಲ ಒರೆಸಿದರೂ ಅಷ್ಟೇ.

ಬಿಸಿನೀರು ಅವರು ಹೇಳಿದಂತೆ ಎಳೆದ ಮೇಲೆ, ಬಿಳಿ ಹತ್ತಿ ಟವೆಲ್ ನಾಲ್ಕು ಮಡಿಕೆ ಮಾಡಿ ಕಲೆಯ ಮೇಲಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಭಾರವಾದ ಪುಸ್ತಕಗಳು. ರಾತ್ರಿಯಿಡೀ ಬಿಡಿ. ಮೇಲೇರುವ ಕಾಫಿ ಎಳೆಯ ತುದಿಯನ್ನು ದಾಟಿ ಟವೆಲ್‌ಗೆ ಹೋಗುತ್ತದೆ. ಬೆಳಿಗ್ಗೆ ಟವೆಲ್ ಮೇಲೆ ಕಂದು ವೃತ್ತ ಕಂಡರೆ ಕೆಲಸ ಆಗುತ್ತಿದೆ. ಆ ಮೇಲೆಯೂ ತೆಳ್ಳಗೆ ಮೇಲೆ ಬಂದರೆ ಎನ್‌ಕ್ಯಾಪ್ಸುಲೇಷನ್ ದ್ರಾವಣ ಸ್ವಲ್ಪವೇ ಸಿಂಪಡಿಸಿ ಒತ್ತಿ ಬಿಡಿ. ಇಂಥ ಮರುಕಲೆಗೆ ಅದು ಬಹಳ ಒಳ್ಳೆಯದು.

ಉಣ್ಣೆನೇಯ್ಗೆ

ರಗ್ಗುಗಳ ಬಗ್ಗೆ ಯಾರೂ ಹೇಳಲಿಲ್ಲ. ದಯವಿಟ್ಟು ಎರಡನ್ನೂ ಕಾರ್ಪೆಟ್ ಮೇಲೆಯೇ ಇಟ್ಟುಕೊಂಡು ತೊಳೆಯಬೇಡಿ. ಬಣ್ಣ ಕೆಳಕ್ಕಿಳಿದರೆ ಎರಡೂ ಹಾಳು.

ಹೊಳೆಯುವ ರಗ್ಗು ನಿಜವಾದ ರೇಷ್ಮೆಯೋ, ಮರದ ತಿರುಳಿನಿಂದ ಮಾಡುವ ಕೃತಕ ರೇಷ್ಮೆಯಾದ ವಿಸ್ಕೋಸೋ ಅಂತ ಮೊದಲು ತಿಳಿಯಬೇಕು. ಅಂಚಿನ ಹಿಂಭಾಗದಿಂದ ಒಂದು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ, ಹಗುರ ಬೂದಿ ಅಂದರೆ ವಿಸ್ಕೋಸ್ ಅಥವಾ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಸಿಂಥೆಟಿಕ್‌ನಲ್ಲಿ ಪಾಲಿಪ್ರೊಪಿಲೀನ್ ಗುರುತಿಸುವುದು ಇನ್ನೂ ಸುಲಭ. ಸುಡದ ಎಳೆಯನ್ನು ನೀರಲ್ಲಿ ಮುಳುಗಿಸಿ ಬಿಟ್ಟರೆ ತೇಲುತ್ತದೆ, ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ.

ವಿಸ್ಕೋಸ್ ಆಗಿದ್ದರೆ ನೀರೇ ಶತ್ರು. ಒದ್ದೆಯಾದಾಗ ಎಳೆಯ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಉಜ್ಜಿದರೆ ಉದುರುತ್ತದೆ, ಒಣಗಿದಾಗ ಬಿರುಸಾಗಿ ಹಳದಿ ಬರುತ್ತದೆ. ಅದಕ್ಕೆ ಸ್ಟೀಮೂ ಇಲ್ಲ, ಎನ್‌ಕ್ಯಾಪ್ಸುಲೇಷನ್ನೂ ಇಲ್ಲ. ಬ್ರಷ್ ಇಲ್ಲದ ವ್ಯಾಕ್ಯೂಮ್, ಏನಾದರೂ ಚೆಲ್ಲಿದರೆ ಒಣ ಬಟ್ಟೆಯಿಂದ ಒತ್ತುವುದು, ಅಷ್ಟು ಮಾತ್ರ. ತೊಳೆಯಲೇಬೇಕಾದರೆ ವಿಸ್ಕೋಸ್ ಕೆಲಸ ಗೊತ್ತಿರುವವರಿಗೆ ಕೊಡಿ.

ಉಣ್ಣೆ ನೀರು ತಡೆಯುತ್ತದೆ, ಕ್ಷಾರ ತಡೆಯುವುದಿಲ್ಲ. ಪಿಎಚ್ 5ರಿಂದ 8ರ ಒಳಗಿನ ಉಣ್ಣೆಯ ಮಾರ್ಜಕ, ಉಗುರುಬೆಚ್ಚಗಿಂತ ಹೆಚ್ಚು ಬಿಸಿ ಬೇಡ. ಕ್ಲೋರಿನ್ ಬ್ಲೀಚ್ ಬಿದ್ದರೆ ಉಣ್ಣೆ ಕರಗಿಹೋಗುತ್ತದೆ, ಇದು ಉತ್ಪ್ರೇಕ್ಷೆಯಲ್ಲ. ಗಟ್ಟಿ ಬ್ರಷ್‌ನಲ್ಲಿ ಉಜ್ಜಿದರೆ ಎಳೆ ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತೆ ಗಟ್ಟಿಯಾಗುತ್ತದೆ. ಕೆಂಪು, ಕಡು ನೀಲಿ ಬಣ್ಣ ಇದ್ದರೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪರೀಕ್ಷೆ ಮಾಡಿ.

ರಿಪೇರಿಮೇಜು

ಯಂತ್ರದ ಕಡೆಯಿಂದ ಕೆಲವು ಮಾತು.

ನೀರು ಸರಿಯಾಗಿ ಎಳೆಯುತ್ತಿಲ್ಲ ಅಂದರೆ ಮೋಟಾರ್ ಹೋಗಿರುವುದು ಅಪರೂಪ. ಮೊದಲು ಕೊಳೆ ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ನೋಡಿ, ಕೂದಲೊಂದು ಸಿಕ್ಕಿಕೊಂಡರೂ ಗಾಳಿ ಸೋರುತ್ತದೆ. ಆಮೇಲೆ ಮುಂಭಾಗದ ಪಾರದರ್ಶಕ ಮೂತಿಯನ್ನು ಕಳಚಿ ಒಳಗಿನ ನಾರು ತೆಗೆಯಿರಿ. ಮೂರನೆಯದು ಫ್ಲೋಟ್. ಟ್ಯಾಂಕ್ ತುಂಬಿದಾಗ ಅದು ಮೇಲೆದ್ದು ಎಳೆತ ನಿಲ್ಲಿಸುತ್ತದೆ, ಮೋಟಾರಿನ ಶಬ್ದ ಕೀರಲು ದನಿಗೆ ಏರುತ್ತದೆ. ಟ್ಯಾಂಕ್ ಖಾಲಿಯಿದ್ದೂ ಆ ಶಬ್ದ ಬಂದರೆ ಫ್ಲೋಟ್ ಸಿಕ್ಕಿಕೊಂಡಿದೆ.

ನೊರೆಯ ಅಪಾಯ ಬೇರೆ. ನೊರೆ ಹಗುರ, ಫ್ಲೋಟನ್ನು ಎತ್ತುವುದಿಲ್ಲ, ಅದನ್ನು ದಾಟಿ ನೇರ ಮೋಟಾರಿಗೆ ಹೋಗುತ್ತದೆ. ಹಳೇ ಶಾಂಪೂ ಉಳಿದಿರುವ ಕಾರ್ಪೆಟ್‌ನಲ್ಲಿ ಬರೀ ನೀರು ಹಾಕಿದರೂ ನೊರೆ ಬರುತ್ತದೆ. ನೊರೆ ತಡೆಯುವ ದ್ರಾವಣವನ್ನು ಕೊಳೆ ಟ್ಯಾಂಕ್‌ಗೆ ಮಾತ್ರ ಹಾಕಿ, ಶುದ್ಧ ಟ್ಯಾಂಕ್‌ಗೆ ಎಂದೂ ಬೇಡ.

ಕಾರ್ಪೆಟ್ ಮೇಲೆ ಒಂದು ಗೆರೆ ತೊಳೆದು ಪಕ್ಕದ ಗೆರೆ ಹಾಗೇ ಉಳಿದರೆ ನಾಝಲ್‌ನ ಒಂದು ತೂತು ಸುಣ್ಣ ಕಟ್ಟಿದೆ. ಗಡಸು ನೀರಿನ ಮನೆಗಳಲ್ಲಿ ಇದು ಸಾಮಾನ್ಯ. ನಾಝಲ್ ಕಳಚಿ ವಿನೆಗರ್‌ನಲ್ಲಿ ನೆನೆಸಿ, ಸೂಜಿ ಹಾಕಬೇಡಿ, ತೂತು ಅಗಲವಾದರೆ ನೀರು ಧಾರೆಯಾಗಿ ಸುರಿಯುತ್ತದೆ. ಸ್ಪ್ರೇ ಪೂರ್ತಿ ನಿಂತಿದ್ದರೆ ಟ್ಯಾಂಕ್ ಸರಿಯಾಗಿ ಕೂತಿದೆಯಾ ನೋಡಿ, ಪಂಪಿಗೆ ಗಾಳಿ ಹಿಡಿದಿರಬಹುದು. ಎನ್‌ಕ್ಯಾಪ್ಸುಲೇಷನ್ ದ್ರಾವಣವನ್ನು ಈ ಯಂತ್ರದ ಟ್ಯಾಂಕ್‌ನಲ್ಲಿ ಬಿಡಲೇಬಾರದು, ಒಣಗಿ ಪಂಪಿನೊಳಗೆ ಗಟ್ಟಿಯಾಗುತ್ತದೆ. ಸ್ಪ್ರೇಯರ್ ಅನ್ನೂ ಬಳಸಿದ ಕೂಡಲೇ ಬಿಸಿನೀರಲ್ಲಿ ತೊಳೆಯಿರಿ.

ಬಿಸಿನೀರು

ನನ್ನ ತಕರಾರು ಈಗ. ನೂಲೆಳೆ ಅವರ ಕ್ರಮವನ್ನೇ ವರ್ಷಗಟ್ಟಲೆ ಮಾಡುತ್ತಾ ಹೋದರೆ ಪ್ರತಿ ಸಲವೂ ಸ್ವಲ್ಪ ಪಾಲಿಮರ್, ಸ್ವಲ್ಪ ಕೊಳೆ ಒಳಗೆ ಉಳಿಯುತ್ತದೆ. ಮನೆಯ ವ್ಯಾಕ್ಯೂಮ್ ಬುಡ ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಜಾಲಾಡಿಸಲೇಬೇಕು. ಕಾರ್ಪೆಟ್‌ನ ವಾರಂಟಿ ಪತ್ರವನ್ನೂ ಓದಿ, ನಿಗದಿತ ಅವಧಿಗೊಮ್ಮೆ ಬಿಸಿನೀರಿನ ಕ್ಲೀನಿಂಗ್ ಮಾಡಿಸಿದ ರಸೀದಿ ಕೇಳುವ ಕಂಪನಿಗಳಿವೆ.

ನೂಲೆಳೆ

ಜಾಲಾಡಿಸಬೇಕು ಅನ್ನುವುದನ್ನು ಒಪ್ಪುತ್ತೇನೆ. ವರ್ಷಕ್ಕೊಮ್ಮೆ ಅನ್ನುವ ಲೆಕ್ಕವನ್ನು ಒಪ್ಪುವುದಿಲ್ಲ. ಮಲಗುವ ಕೋಣೆಯ ಕಾರ್ಪೆಟ್ ಮೇಲೆ ಯಾರೂ ಚಪ್ಪಲಿ ಹಾಕಿಕೊಂಡು ಓಡಾಡದಿದ್ದರೆ ಬುಡದಲ್ಲಿ ತೊಳೆಯುವಂಥದ್ದು ಏನೂ ಇರುವುದಿಲ್ಲ. ಬೆರಳಲ್ಲಿ ಎಳೆ ಅಗಲಿಸಿ ನೋಡಿ ತೀರ್ಮಾನಿಸಿ, ಕ್ಯಾಲೆಂಡರ್ ನೋಡಿ ಅಲ್ಲ. ದುರ್ಬಲ ಎಳೆತದ ಯಂತ್ರದಿಂದ ಸುಮ್ಮನೆ ನೆನೆಸುವುದು ತೊಳೆಯದೆ ಬಿಡುವುದಕ್ಕಿಂತ ಕೆಟ್ಟದ್ದು. ಸಾಕುಪ್ರಾಣಿಯ ಮೂತ್ರ ಇದ್ದರೆ ಮಾತ್ರ ಮರುಮಾತಿಲ್ಲ. ಅದು ಪ್ಯಾಡ್‌ವರೆಗೆ ಇಳಿದಿರುತ್ತದೆ. ಎಂಜೈಮ್ ದ್ರಾವಣ ಅಷ್ಟೇ ಆಳಕ್ಕೆ ಇಳಿಯುವಷ್ಟು ಹಾಕಿ, ಡಬ್ಬದಲ್ಲಿ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇಟ್ಟು, ಆಮೇಲೆ ಎಳೆಯಬೇಕು. ಅಲ್ಲಿ ಎನ್‌ಕ್ಯಾಪ್ಸುಲೇಷನ್ ಏನೂ ಮಾಡುವುದಿಲ್ಲ.

ಹಾಲ್_ಕಾರ್ಪೆಟ್

ಬಹಳ ಉಪಕಾರ ಆಯಿತು. ಎರಡು ಉಳಿದಿವೆ. ಮೂಲೆಯಲ್ಲಿ ಎತ್ತಿ ನೋಡಿದರೆ ಅಡಿಯಲ್ಲಿ ಸೆಣಬಿನ ಬಟ್ಟೆ ಇದ್ದ ಹಾಗಿದೆ, ಅದಕ್ಕೇನಾದರೂ ತೊಂದರೆ ಇದೆಯಾ? ಮತ್ತೆ ಸೋಫಾ ಯಾವಾಗ ವಾಪಸ್ ಇಡಬಹುದು, ಒಣಗಿದೆ ಅಂತ ಹೇಗೆ ಗೊತ್ತಾಗುತ್ತೆ?

ತೇವಮಾಪಕ

ಸೆಣಬು ಅಂದರೆ ನೀರಿನ ಕೈ ಇನ್ನಷ್ಟು ಬಿಗಿ ಇರಲಿ. ಸೆಣಬು ಬಹಳ ಹೊತ್ತು ಒದ್ದೆಯಿದ್ದರೆ ಅದರ ನಾರಿನೊಳಗಿನ ಲಿಗ್ನಿನ್ ಅನ್ನುವ ಅಂಶದ ಕಂದು ಬಣ್ಣ ಎಳೆಯ ತುದಿಗೆ ಏರುತ್ತದೆ, ಇಡೀ ಜಾಗ ಟೀ ಚೆಲ್ಲಿದಂತೆ ಕಾಣುತ್ತದೆ. ಕ್ಷಾರ ಉಳಿದಿದ್ದರೆ ಇನ್ನೂ ಜಾಸ್ತಿ. ಹಾಗಾದರೆ 1 ಲೀಟರ್ ಉಗುರುಬೆಚ್ಚನೆ ನೀರಿಗೆ ಸಿಟ್ರಿಕ್ ಆಮ್ಲ ಒಂದು ಚಮಚ, ಸುಮಾರು 5 ಗ್ರಾಂ, ಕರಗಿಸಿ ತೆಳ್ಳಗೆ ಸಿಂಪಡಿಸಿ ಬಿಳಿ ಟವೆಲ್‌ನಿಂದ ಒತ್ತಿ, ಕೂಡಲೇ ಫ್ಯಾನ್ ಹಾಕಿ. ನೆನೆಸಿದರೆ ಮತ್ತೆ ಅದೇ ಕಥೆ. ಸೆಣಬು ಕುಗ್ಗಿ ಅಂಚು ಕಿತ್ತು ಬರುವುದೂ ಉಂಟು, ಹಾಗಾಗಿ ಬಾಗಿಲ ಬಳಿ ಒಂದೇ ಸಲ ನೀರು ಹಾಕಿ ಎಳೆಯಿರಿ, ಬೇಕಾದರೆ ವಾರ ಬಿಟ್ಟು ಇನ್ನೊಂದು ಸಲ.

ಒಣಗಿಸುವಾಗ ನಿಲ್ಲುವ ಫ್ಯಾನನ್ನು ಕಾರ್ಪೆಟ್‌ಗೆ ಸಮಾನಾಂತರವಾಗಿ ಗಾಳಿ ಹೋಗುವಂತೆ ನೆಲದ ಮಟ್ಟದಲ್ಲಿಡಿ. ಹೊರಗಿನ ಗಾಳಿ ಒಣಗಿದ್ದರೆ ಎದುರುಬದುರು ಕಿಟಕಿ ತೆಗೆಯಿರಿ. ಮಳೆ ಹಿಡಿದಿದ್ದರೆ ಕಿಟಕಿ ಮುಚ್ಚಿ ಎಸಿ ಅಥವಾ ಡಿಹ್ಯೂಮಿಡಿಫೈಯರ್ ಓಡಿಸಿ. ಕೋಣೆಯ ತೇವಾಂಶ 60 ಶೇಕಡಾಕ್ಕಿಂತ ಕೆಳಗೆ ಇಳಿಸಲು ಆಗದ ದಿನ ಬಿಸಿನೀರಿನ ಕೆಲಸವನ್ನೇ ಶುರು ಮಾಡಬೇಡಿ, ಎನ್‌ಕ್ಯಾಪ್ಸುಲೇಷನ್ ಮಾಡಿ.

ಒಣಗಿದೆಯಾ ಅಂತ ಅಂಗೈಯಿಂದ ಮುಟ್ಟಿ ನೋಡಿದರೆ ತಿಳಿಯುವುದಿಲ್ಲ, ತುದಿ ಮೊದಲು ಒಣಗುತ್ತದೆ. ಬಿಳಿ ಟಿಶ್ಯೂ ನಾಲ್ಕು ಪದರ ಮಡಿಸಿ ಎಳೆಗಳ ನಡುವೆ ಬುಡ ಮುಟ್ಟುವಂತೆ ತಳ್ಳಿ, ಮೇಲೆ ದಪ್ಪ ಪುಸ್ತಕ ಇಟ್ಟು ಹತ್ತು ನಿಮಿಷ ಬಿಡಿ. ತೆಗೆದಾಗ ಟಿಶ್ಯೂ ಮೆತ್ತಗಾಗಿದ್ದರೆ ಇನ್ನೂ ಕಾಯಿರಿ. ಗರಿಗರಿಯಾಗಿಯೇ ಇದ್ದರೆ ಸೋಫಾ ಇಡಬಹುದು, ಆದರೂ ಕಾಲುಗಳ ಕೆಳಗೆ ಒಂದೆರಡು ದಿನ ದಪ್ಪ ಪ್ಲಾಸ್ಟಿಕ್ ತುಂಡು ಇರಲಿ. ಮರದ ಪಾಲಿಶ್ ಬಣ್ಣವೂ ಮೊಳೆಯ ತುಕ್ಕೂ ಉಳಿದ ಅಲ್ಪ ತೇವಕ್ಕೇ ಇಳಿಯುತ್ತವೆ. ತುಕ್ಕಿನ ಕಲೆಗೆ ಈ ಎರಡು ವಿಧಾನದಲ್ಲಿ ಯಾವುದೂ ಕೆಲಸ ಮಾಡುವುದಿಲ್ಲ.